ಹನ್ನೆರಡೂ ನಲವತ್ತಕ್ಕೆ ಕೈಬಿಡುವ ಡಬ್ಬಿ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಸೋಮವಾರ, ಅಮಾವಾಸ್ಯೆ. ಕಾರಣ ಒಂದು ಉದ್ದಿನ ವಡೆ.

ತಮಿಳುನಾಡಿನ ಕುನ್ನತ್ತೂರಿನ ಹತ್ತಿರ ನಮ್ಮ ತೋಟದ ಮನೆ. ಅವತ್ತು ತಾತನಿಗೆ ಎಡೆ. ಕಾಗೆ ಮುಟ್ಟುವ ತನಕ ಮನೆಯಲ್ಲಿ ಯಾರೂ ಎಲೆ ಮುಂದೆ ಕೂರುವ ಹಾಗಿಲ್ಲ. ಅಮ್ಮ ಗೋಡೆಯ ಮೇಲೆ ಎಲೆ ಹಾಸಿ, ಅನ್ನ, ಸಾರು, ಮೇಲೊಂದು ವಡೆ ಇಟ್ಟು, ‘ಕಾ ಕಾ’ ಅಂತ ಕರೆದು ಒಳಗೆ ಹೋದಳು. ನಾನು ಎಂಟನೇ ಕ್ಲಾಸು. ಹಸಿವು ಎಷ್ಟಿತ್ತೆಂದರೆ ತಾತ ನನ್ನನ್ನು ಕ್ಷಮಿಸುತ್ತಾರೆ ಅನ್ನಿಸಿತು. ಅಮ್ಮ ಹೊರಗೆ ಬಂದು ನೋಡಿದಳು, ವಡೆ ಇಲ್ಲ. ಕೈ ಮುಗಿದು, ಕಣ್ಣಲ್ಲಿ ನೀರು ತಂದುಕೊಂಡು, “ಮಾವ ಬಂದು ಉಂಡು ಹೋದರು ನೋಡ್ರೋ” ಅಂತ ಎಲ್ಲರನ್ನೂ ಕರೆದಳು. ಅಷ್ಟರಲ್ಲಿ ನಿಜವಾದ ಕಾಗೆ ಬಂತು. ಎಲೆ ನೋಡಿತು, ನನ್ನನ್ನು ನೋಡಿತು, ಊರಿಗೆಲ್ಲ ಕೇಳುವ ಹಾಗೆ ಕಿರುಚಿತು. ಅಮ್ಮ ನನ್ನ ಬಾಯಿ ನೋಡಿದಳು. ಎಣ್ಣೆ ಹೊಳೆಯುತ್ತಿತ್ತು.

ಸೌಟಿನಲ್ಲಿ ನಾಲ್ಕು ಬಿದ್ದ ಮೇಲೆ ನಾನು ಸೀದಾ ರಸ್ತೆಗೆ ನಡೆದೆ, ಸಿಕ್ಕಿದ ಬಸ್ಸು ಹತ್ತಿದೆ, ಕೊನೆಗೆ ಕೊಯಮತ್ತೂರಿನ ಉಕ್ಕಡಂನಲ್ಲಿ ಇಳಿದೆ. ಮೀನಿನ ಮಂಡಿಯಲ್ಲಿ ಐಸ್ ಪೆಟ್ಟಿಗೆ ತಳ್ಳುವ ಕೆಲಸ ಸಿಕ್ಕಿತು. ಮೂರನೇ ದಿನ ಮನೆಗೆ ವಾಪಸು. ಎಲ್ಲಿಗೆ ಹೋಗಿದ್ದೆ ಅಂತ ಯಾರೂ ಕೇಳಲಿಲ್ಲ, ಮೂಗಿಗೇ ಗೊತ್ತಾಯಿತು. ಅಪ್ಪ ನನ್ನನ್ನು ಬಾವಿಯ ಹತ್ತಿರವೇ ನಿಲ್ಲಿಸಿ ದೂರದಿಂದ ನೀರು ಎರಚಿದರು.

ಇಸ್ಕೂಲಿಗೆ ಮತ್ತೆ ಹೋಗಲಿಲ್ಲ. ಕಾಲಿಗೆ ರುಚಿ ಹತ್ತಿಬಿಟ್ಟಿತ್ತು. ಲಾರಿಯಲ್ಲಿ ಕ್ಲೀನರ್ ಆದೆ, ಟೀವಿ ಕೇಬಲ್ ಎಳೆದೆ, ಆಮೇಲೆ ಇಂಟರ್‌ನೆಟ್ ತಂತಿ ಎಳೆದೆ, ತಂತಿಯೇ ಬೇಡ ಅನ್ನುವ ಕಾಲ ಬಂದಾಗ ವೈಫೈ ಸರಿಮಾಡುವವನಾದೆ. ಮನೆಯಲ್ಲಿ ಆಡುವ ಮಾತು ಕನ್ನಡ, ಕಲಿತ ಅಕ್ಷರ ತಮಿಳು. ಕನ್ನಡ ಅಕ್ಷರ ಕಲಿತದ್ದು ಲಾರಿಯ ಕಿಟಕಿಯಿಂದ, ಚಾಮರಾಜನಗರದಾಚೆಯ ಅಂಗಡಿ ಬೋರ್ಡು ಓದಿ ಓದಿ. ಹಾಗಾಗಿ ನನ್ನ ಬರವಣಿಗೆಯಲ್ಲಿ ಎಲ್ಲಾದರೂ ಹೋಟೆಲ್ ಬೋರ್ಡಿನ ವಾಸನೆ ಬಂದರೆ ಬೈಯಬೇಡಿ. ಇಂಥ ಪ್ರಸಂಗಗಳು ನಿನಗೇ ಯಾಕೆ ಆಗುತ್ತವೆ ಅಂತ ಕೇಳುತ್ತಾರೆ. ಒಂದು ಕಡೆ ಕೂತವನಿಗೆ ವರ್ಷಕ್ಕೊಂದು ಆಗುತ್ತದೆ, ಅಲೆಯುವವನಿಗೆ ವಾರಕ್ಕೊಂದು. ಅಷ್ಟೇ.

ಇಡ್ಲಿ ಪಾತ್ರೆ

ಈ ಕೆಲಸದ ಗುಟ್ಟು ನನಗೆ ಸಿಕ್ಕಿದ್ದು ಕೊಯಮತ್ತೂರಿನ ಪೀಳಮೇಡಿನ ಕಡೆ ಒಂದು ಕಾಲೇಜಿನ ಹಾಸ್ಟೆಲಿನಲ್ಲಿ. ಅಲ್ಲಿನ ಲ್ಯಾಬಿನ ಮೇಷ್ಟ್ರು ಒಬ್ಬರು ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಒಂದು ಕಪ್ಪು ಪರದೆ ತೆರೆದು, “ಐ-ಡಬ್ಲ್ಯೂ, ಈವೆಂಟ್, ಪಕ್ಕದಲ್ಲೊಂದು ಗೆರೆ ಹಾಕಿ ಟಿ. ಇಷ್ಟು ಹೊಡೆದು ಸುಮ್ಮನೆ ಕೂತ್ಕೋ” ಅಂದರು. ಕೂತೆ. ವೈಫೈ ಡಬ್ಬಿಗೆ ಯಾವ ಫೋನು ಬಂದು ಸೇರಿತು, ಯಾವುದು ಬಿಟ್ಟು ಹೋಯಿತು, ಎಷ್ಟು ಗಂಟೆಗೆ ಎಷ್ಟು ಸೆಕೆಂಡಿಗೆ, ಒಂದೊಂದೇ ಸಾಲಾಗಿ ತನ್ನಷ್ಟಕ್ಕೆ ಬೀಳುತ್ತದೆ. ಬಂದರೆ ‘ನ್ಯೂ ಸ್ಟೇಷನ್’, ಹೋದರೆ ‘ಡೆಲ್ ಸ್ಟೇಷನ್’. ಬಸ್ ಸ್ಟ್ಯಾಂಡಿನಲ್ಲಿ ಕೂತು ಹೋಗುವವರು ಬರುವವರನ್ನು ನೋಡಿಯೇ ಬೆಳೆದವನು ನಾನು. ಇದಕ್ಕೂ ಕೂಲಿ ಕೊಡುತ್ತಾರೆ ಅಂತ ಗೊತ್ತಿರಲಿಲ್ಲ.

ಹಾಸ್ಟೆಲ್ ವಾರ್ಡನ್ನಿಗೆ ಇದು ಭಾರಿ ಹಿಡಿಸಿತು. ಭಾನುವಾರ ಮಧ್ಯಾಹ್ನ ಹುಡುಗರು ಓದಬೇಕು, ಹೊರಗೆ ಹೋಗಕೂಡದು ಅಂತ ಅವರ ಕಾನೂನು. ಮೊದಲು ಕೋಣೆ ಕೋಣೆ ಹತ್ತಿ ಹಾಜರಿ ತೆಗೆಯುತ್ತಿದ್ದವರು, ಈಗ ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. “ನಲವತ್ತು ಹುಡುಗರು, ನಲವತ್ತು ಫೋನು. ಎಲ್ಲಾ ಇಲ್ಲೇ ಇದಾರೆ ನೋಡು. ನನ್ನ ಸರ್ವೀಸಲ್ಲಿ ಇಂಥ ಶಿಸ್ತು ನೋಡಿರಲಿಲ್ಲ” ಅಂತ ಕಾಫಿ ಹೀರಿದರು. ಹಾಸ್ಟೆಲ್ ಎಷ್ಟು ನಿಶ್ಶಬ್ದವಾಗಿತ್ತೆಂದರೆ ನನಗೂ ಆಶ್ಚರ್ಯವಾಯಿತು.

ನಾಲ್ಕು ಗಂಟೆಗೆ ಪರದೆಯ ಮೇಲೆ ದಡದಡ ಅಂತ ಸಾಲು ಬಿದ್ದವು. ಡೆಲ್ ಸ್ಟೇಷನ್, ಡೆಲ್ ಸ್ಟೇಷನ್, ಡೆಲ್ ಸ್ಟೇಷನ್. ಒಂದೇ ಸಲಕ್ಕೆ ನಲವತ್ತೂ ಮಾಯ. ವಾರ್ಡನ್ ಎದ್ದು ನಿಂತರು. “ಎಲ್ಲರೂ ಒಟ್ಟಿಗೇ ಗೋಡೆ ಹಾರಿದರಾ?” ಅಂತ ಹಿತ್ತಲಿಗೆ ಓಡಿದರು, ನಾನು ಹಿಂದೆ. ಗೋಡೆಯ ಹತ್ತಿರ ಒಂದು ನಾಯಿ ಮಲಗಿತ್ತು. ಪಕ್ಕದ ಅಡುಗೆಮನೆಯಲ್ಲಿ ಅಡುಗೆಯವರು ದೊಡ್ಡ ಇಡ್ಲಿ ಪಾತ್ರೆಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ವಾರ್ಡನ್ ಮುಚ್ಚಳ ಎತ್ತಿದರು. ಒಳಗೆ ನಲವತ್ತು ಫೋನು. ಹುಡುಗರು ಊಟವಾದ ತಕ್ಷಣ ಫೋನು ಅಡುಗೆಯವರಿಗೆ ಒಪ್ಪಿಸಿ ಸಿನಿಮಾಗೆ ಹೋಗಿದ್ದರು. ಇಷ್ಟು ಹೊತ್ತು ಪಾತ್ರೆ ತೆರೆದೇ ಇತ್ತು, ಅದಕ್ಕೇ ಶಿಸ್ತು. ಲೋಹದ ಮುಚ್ಚಳ ಬಿದ್ದದ್ದೇ ಸಿಗ್ನಲ್ ಬಂದ್.

“ಸುಮ್ಮನೆ ಇದ್ದವನು ಈಗ ಯಾಕಯ್ಯಾ ಮುಚ್ಚಿದೆ?” ಅಂತ ವಾರ್ಡನ್ ಹಲ್ಲು ಕಡಿದರು.

“ನೊಣ ಸಾರ್” ಅಂದರು ಅಡುಗೆಯವರು.

ಸಕ್ಕರೆ ಕಮ್ಮಿ

ಆಮೇಲೆ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಿಂದ ಕರೆ ಬಂತು. ಸಣ್ಣ ಕಂಪನಿ. ಗಲ್ಲಿಯ ಒಂದು ಬದಿಗೆ ಕಾರ್ಖಾನೆ, ಎದುರು ಬದಿಗೆ ಮೊದಲಾಳಿಯ ಮನೆ. ಅಲ್ಲೆಲ್ಲ ಮಾಲೀಕರನ್ನು ಮೊದಲಾಳಿ ಅಂತಲೇ ಕರೆಯುವುದು. ಇಂಟರ್‌ನೆಟ್ ಮನೆಗೆ ಬರುತ್ತದೆ; ಮನೆಯ ತಾರಸಿಯ ಕಟ್ಟೆಯ ಮೇಲೆ ಟಿಫಿನ್ ಡಬ್ಬದಷ್ಟು ದೊಡ್ಡ ಒಂದು ಬಿಳಿ ಡಬ್ಬಿ ನಿಂತು ಅದನ್ನು ಗಲ್ಲಿ ದಾಟಿಸಿ ಕಾರ್ಖಾನೆಯ ಗೋಡೆಯಲ್ಲಿರುವ ಇನ್ನೊಂದು ಡಬ್ಬಿಗೆ ಎಸೆಯುತ್ತದೆ. ಆ ಎರಡು ಡಬ್ಬಿ ಕೈ ಹಿಡಿದಿದ್ದರೆ ಪ್ಯಾಕಿಂಗ್ ವಿಭಾಗದಲ್ಲಿ ಪೆಟ್ಟಿಗೆಯ ಚೀಟಿ ಓದುವ ಸ್ಕ್ಯಾನರ್ ಗನ್ನು ಕೀಂ ಅನ್ನುತ್ತದೆ, ಪೆಟ್ಟಿಗೆ ಲೆಕ್ಕಕ್ಕೆ ಸೇರುತ್ತದೆ. ಕೈಬಿಟ್ಟರೆ ಗನ್ನು ಮೂಕ.

ದಿನಾ ಮಧ್ಯಾಹ್ನ ಹನ್ನೆರಡೂ ನಲವತ್ತರ ಆಸುಪಾಸಿಗೆ ಕೈಬಿಡುತ್ತಿತ್ತಂತೆ.

ನಾನು ಹೋದ ಮಂಗಳವಾರ ಮೊದಲಾಳಿ ತಮಿಳಿನಲ್ಲಿ, “ಬಾಪ್ಪಾ ತಂಬಿ, ಕೂತ್ಕೋ” ಅಂತ ಬಹಳ ಮರ್ಯಾದೆಯಿಂದ ಕೂರಿಸಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, ಮನೆಮಾತಿನಲ್ಲಿ ಶುರುಮಾಡಿದರು. ಕನ್ನಡ! ನಮ್ಮ ಕುನ್ನತ್ತೂರು ಕಡೆಯದೇ, ತಮಿಳು ರಾಗದ ಕನ್ನಡ.

“ಇದೇನೇ, ಇವನ್ನ ನೋಡಿದ್ರೆ ಕೋಳಿ ಕದಿಯಕ್ಕೆ ಬಂದವನ ಹಾಗವ್ನೆ?”

“ಚಪ್ಪಲಿ ನೋಡಿ, ಎರಡೂ ಬೇರೆ ಬೇರೆ ಜೋಡಿ.”

“ಓದಿದವನ ಹಾಗೆ ಕಾಣಲ್ಲ. ಲ್ಯಾಪ್‌ಟಾಪ್ ಎಲ್ಲಿ ಹೊಡೆದ್ಕೊಂಡು ಬಂದ್ನೋ. ಇವನಿಗೆ ಟೀ ಕೊಡಬೇಕಾ?”

“ಕೊಟ್ಟುಬಿಡಿ, ಪಾವಂ. ಒಂದು ಕಣ್ಣು ಮಾತ್ರ ಇಟ್ಟಿರಿ.”

ನಾನು ಲ್ಯಾಪ್‌ಟಾಪ್ ತೆಗೆಯುತ್ತಾ, ತಲೆ ಎತ್ತದೆ, “ಸಕ್ಕರೆ ಕಮ್ಮಿ ಇರಲಿ ಅಕ್ಕಾ” ಅಂದೆ ಕನ್ನಡದಲ್ಲೇ.

ಆ ಮನೆಯಲ್ಲಿ ಆಮೇಲೆ ನಾನು ಇದ್ದಷ್ಟು ದಿನವೂ ಟೀ ಜೊತೆಗೆ ಮುರುಕು ಬಂತು. ಮೊದಲಾಳಿ ಮಾತ್ರ ಎರಡು ದಿನ ಹೆಂಡತಿಯ ಹತ್ತಿರ ಕೈಸನ್ನೆಯಲ್ಲೇ ಮಾತಾಡಿದರು.

ಸ್ವಿಚ್ಚಿನ ಕಾವಲು

ಮೊದಲಾಳಿಗೆ ಕಾರಣ ಆಗಲೇ ಗೊತ್ತಿತ್ತು. “ಇದೆಲ್ಲಾ ಆ ಸೂಪರ್‌ವೈಸರಮ್ಮನ ಕೆಲಸ” ಅಂದರು. “ಊಟದ ಹೊತ್ತಿಗೇ ಸರಿಯಾಗಿ ಯಾಕೆ ಹೋಗಬೇಕು ಹೇಳು? ಸ್ವಿಚ್ಚು ಆರಿಸಿಬಿಡ್ತಾಳೆ. ಗನ್ನು ಓಡದಿದ್ರೆ ಹುಡುಗೀರು ಇನ್ನೊಂದು ಹತ್ತು ನಿಮಿಷ ಹರಟೆ ಹೊಡೀಬಹುದಲ್ಲ. ಶನಿವಾರ ಮಧ್ಯಾಹ್ನ ಮಾಲು ಕೊಳ್ಳೋ ಬಯ್ಯರ್ ಕಡೆ ಮನುಷ್ಯ ಬರ್ತಾನೆ, ಗನ್ನು ಓಡೋದನ್ನ ಕಣ್ಣಾರೆ ನೋಡಕ್ಕೆ. ಅವನ ಮುಂದೆ ಬಿತ್ತೂಂದ್ರೆ ಆಯಮ್ಮ ಬೀಗದ ಕೈ ಕೊಟ್ಟು ಮನೆಗೆ ಹೋಗಲಿ.”

ಆ ಪ್ಯಾಕಿಂಗ್ ಸೂಪರ್‌ವೈಸರ್ ಅಕ್ಕನಿಗೆ ಐವತ್ತರ ಹತ್ತಿರ. ಸೊಂಟದಲ್ಲಿ ಬೀಗದ ಕೈ ಗೊಂಚಲು, ಕಿವಿಯ ಮೇಲೆ ಪೆನ್ನು. ಮೊದಲಾಳಿಯ ಅಪ್ಪ, ಅಂದರೆ ದೊಡ್ಡ ಮೊದಲಾಳಿ, ಕಂಪನಿ ಶುರುಮಾಡಿದಾಗಿಂದ ಇದ್ದವರು. ದೊಡ್ಡವರು ತೀರಿಕೊಂಡು ಎರಡು ವರ್ಷ. ಅಕ್ಕ ನನ್ನ ಹತ್ತಿರ ತಮಿಳಿನಲ್ಲಿ ಕೇಳಿದ್ದು ಒಂದೇ ಮಾತು: “ತಂಬಿ, ನಿನ್ನ ಆ ಕರಿ ಪರದೆ ಸುಳ್ಳು ಹೇಳುತ್ತಾ?”

“ಇಲ್ಲಕ್ಕಾ.”

“ಹಾಗಾದ್ರೆ ನೀನಾದರೂ ಅದು ಹೇಳಿದ್ದನ್ನೇ ಹೇಳು. ಈ ವಯಸ್ಸಲ್ಲಿ ಹೊಸ ಕಂಪನಿಗೆ ಹೋಗಿ ಹೊಸ ಹುಡುಗೀರ ಹತ್ತಿರ ಬೈಸ್ಕೊಳ್ಳಕ್ಕೆ ನನ್ನಿಂದ ಆಗಲ್ಲ.”

ಬುಧವಾರ ಬೆಳಿಗ್ಗೆ ತಾರಸಿಗೆ ಹೋಗಿ ನೋಡಿಬಂದೆ. ಡಬ್ಬಿ ಗಟ್ಟಿಯಾಗಿ ನಿಂತಿದೆ, ತಂತಿ ಸರಿಯಿದೆ. ಕೆಳಗೆ ಬಂದು ಲ್ಯಾಪ್‌ಟಾಪಿನಿಂದಲೇ ಕಾರ್ಖಾನೆಯ ಡಬ್ಬಿಯೊಳಗೆ ಹೊಕ್ಕು, ಕಪ್ಪು ಪರದೆ ತೆರೆದು ಕೂತೆ. ಕೆಲಸದ ಹುಡುಗಿಯರಿಗೆ ನಾನು ಅವರ ಫೋನಿನೊಳಗೆ ಇಣುಕುತ್ತಿದ್ದೇನೆ ಅಂತ ಗುಮಾನಿ. ಒಬ್ಬಳು ನನ್ನ ಮುಂದೆ ಹಾದು ಹೋಗುವಾಗೆಲ್ಲ ಫೋನಿಗೆ ದಾವಣಿ ಮುಚ್ಚುತ್ತಿದ್ದಳು, ಮಗುವಿಗೆ ದೃಷ್ಟಿಯಾಗುತ್ತೇನೋ ಅನ್ನುವ ಹಾಗೆ.

ಹನ್ನೆರಡೂವರೆಗೆ ಮೊದಲಾಳಿ ಬಂದರು. ಕೈಯಲ್ಲಿ ಬಟ್ಟೆ ಅಳೆಯುವ ಮರದ ಕೋಲು. ಸ್ವಿಚ್ ಬೋರ್ಡಿನ ಮುಂದೆ ಸ್ಟೂಲು ಹಾಕಿ, ಕೋಲನ್ನು ಮಂಡಿಯ ಮೇಲೆ ಅಡ್ಡ ಇಟ್ಟುಕೊಂಡು ಕೂತರು. ಅವರೆದುರಿಗೇ ಆರಡಿ ದೂರದಲ್ಲಿ ಅಕ್ಕ ಊಟದ ಡಬ್ಬಿ ಬಿಚ್ಚಿ ಮೊಸರನ್ನ ತಿನ್ನುತ್ತಾ ಕೂತರು. ಇಬ್ಬರೂ ಒಬ್ಬರನ್ನೊಬ್ಬರು ಕಣ್ಣು ಮಿಟುಕಿಸದೆ ನೋಡುತ್ತಿದ್ದಾರೆ. ಉಪ್ಪಿನಕಾಯಿ ಕೂಡ ನೋಡದೆಯೇ ಮುಟ್ಟಿ ನೆಕ್ಕುತ್ತಿದ್ದಾರೆ ಆ ಅಕ್ಕ.

ಹನ್ನೆರಡೂ ನಲವತ್ತೊಂದು. ಪರದೆಯಲ್ಲಿ ಸಾಲು ಬಿತ್ತು: ಡಿಸ್‌ಕನೆಕ್ಟೆಡ್. ಅದರ ಹಿಂದೆ ಡಬ್ಬಿ ತನ್ನ ಜೊತೆಗಾರನನ್ನು ಹುಡುಕುವ ಸಾಲು: ಸ್ಕ್ಯಾನ್ ಸ್ಟಾರ್ಟೆಡ್. ಮತ್ತೆ ಸ್ಕ್ಯಾನ್ ಸ್ಟಾರ್ಟೆಡ್. ಗನ್ನು ಮೂಕವಾಯಿತು. ಸ್ವಿಚ್ಚು ಹಾಕಿದಂತೆಯೇ ಇದೆ, ಕೋಲು ಮಂಡಿಯ ಮೇಲೇ ಇದೆ, ಅಕ್ಕನ ಕೈ ಮೊಸರನ್ನದಲ್ಲೇ ಇದೆ. ಏಳು ನಿಮಿಷಕ್ಕೆ ತನ್ನಷ್ಟಕ್ಕೆ: ಕನೆಕ್ಟೆಡ್.

“ನೋಡಿದ್ರಲ್ಲ ಮೊದಲಾಳಿ” ಅಂದೆ. “ಅಕ್ಕ ಮುಟ್ಟಲೇ ಇಲ್ಲ.”

ಮೊದಲಾಳಿ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು: “ರಿಮೋಟ್ ಎಲ್ಲೋ ಮೊಸರನ್ನದೊಳಗೆ ಇಟ್ಟಿದಾಳೆ.”

ನಲವತ್ತು ನಿಮಿಷ

ಗುರುವಾರವೂ ಅಷ್ಟೊತ್ತಿಗೇ ಬಿತ್ತು. ಆದರೆ ಏಳು ನಿಮಿಷಕ್ಕೆ ಬರಲಿಲ್ಲ. ಹತ್ತಾಯಿತು, ಇಪ್ಪತ್ತಾಯಿತು. ಸ್ಕ್ಯಾನ್ ಸ್ಟಾರ್ಟೆಡ್, ಸ್ಕ್ಯಾನ್ ಸ್ಟಾರ್ಟೆಡ್ ಅಂತ ಪರದೆ ತುಂಬಿತು. ನಲವತ್ತು ನಿಮಿಷಕ್ಕೆ ಬಂತು. ಮೊದಲಾಳಿ, “ನೋಡು, ಹೋದ ತಿಂಗಳೂ ಹೀಗೇ. ಅಮಾವಾಸ್ಯೆಗೆ ಹುಡುಗೀರಿಗೆ ನಲವತ್ತು ನಿಮಿಷ ದಾನ ಮಾಡ್ತಾಳೆ” ಅಂತ ಕೂಗಾಡಿ ಹೋದರು.

ಅಮಾವಾಸ್ಯೆ ಅಂದ ಕೂಡಲೇ ನನ್ನ ಬೆನ್ನಿನ ಮೇಲೆ ಸೌಟು ಬಿದ್ದ ಜಾಗ ಚುರುಕ್ ಅಂತು. ಅಷ್ಟು ಪೆಟ್ಟು ತಿಂದವನಿಗೆ ಮೊದಲ ದಿನವೇ ಹೊಳೆಯಬೇಕಿತ್ತು.

ಶುಕ್ರವಾರ ಹನ್ನೆರಡೂವರೆಗೆ ಮೆಟ್ಟಿಲು ಹತ್ತಿ ನೀರಿನ ಟ್ಯಾಂಕಿನ ಹಿಂದೆ ನಿಂತೆ. ಮೊದಲಾಳಿಯ ತಾಯಿ, ಎಪ್ಪತ್ತೈದರ ಅಜ್ಜಿ, ಒಂದು ಕೈಯಲ್ಲಿ ಅನ್ನದ ಎಲೆ, ಇನ್ನೊಂದು ಕೈಯಲ್ಲಿ ದೊಡ್ಡ ಅಲ್ಯೂಮಿನಿಯಂ ಪಾತ್ರೆ ಹಿಡಿದು, ಮಂಡಿ ನೋವಿಗೆ ಕುಂಟುತ್ತಾ ಬಂದರು. ಎಲೆಯನ್ನು ಡಬ್ಬಿಯ ನೆತ್ತಿಯ ಮೇಲೆ ಇಟ್ಟರು. “ಬನ್ನಿ, ಊಟ ಆಗಿದೆ” ಅಂತ ಆಕಾಶಕ್ಕೆ ಹೇಳಿದರು. ಆಮೇಲೆ ಅಳಿಲು ತಿನ್ನದ ಹಾಗೆ, ಪಾತ್ರೆಯನ್ನು ಬೋರಲು ಹಾಕಿ ಎಲೆಯನ್ನೂ ಡಬ್ಬಿಯನ್ನೂ ಒಟ್ಟಿಗೆ ಮುಚ್ಚಿಬಿಟ್ಟರು. ನನಗೆ ಪೀಳಮೇಡಿನ ಇಡ್ಲಿ ಪಾತ್ರೆ ಕಣ್ಣ ಮುಂದೆ ಬಂತು. ಕೆಳಗೆ ಗಲ್ಲಿಯಾಚೆ ಮೊದಲಾಳಿ “ಬಿತ್ತೂ!” ಅಂತ ಕಿರುಚಿದ್ದು ಕೇಳಿಸಿತು. ಏಳು ನಿಮಿಷಕ್ಕೆ ಒಂದು ಕಾಗೆ ಬಂದು ಕಟ್ಟೆಯ ಮೇಲೆ ಕೂತು ‘ಕಾ’ ಅಂದಿತು. ಅಜ್ಜಿ ಪಾತ್ರೆ ಎತ್ತಿದರು. ಕೆಳಗೆ ಗನ್ನು ಕೀಂ ಅಂದಿತು.

ನಾನು ಮುಂದೆ ಬಂದು, “ಅಜ್ಜಿ, ಅಮಾವಾಸ್ಯೆ ದಿನ ಯಾಕೆ ಅಷ್ಟು ತಡವಾಯ್ತು?” ಅಂತ ಕೇಳಿದೆ.

“ಅವತ್ತು ಬೀದಿ ತುಂಬಾ ಎಲ್ಲರ ಮನೇಲೂ ಎಲೆ ಹಾಕಿರ್ತಾರಲ್ಲೋ” ಅಂದರು. “ವಡೆ ಇದ್ದ ಮನೆಗೆಲ್ಲಾ ಹೋಗಿ, ಹೊಟ್ಟೆ ತುಂಬಿದ ಮೇಲೆ ನಮ್ಮನೇಗೆ ಬರ್ತಾರೆ. ಬದುಕಿದ್ದಾಗಲೂ ಹಂಗೇ ಮಾಡ್ತಿದ್ರು.”

ವಿಷಯ ಬಿಡಿಸಿ ಹೇಳಿದೆ. ಅಜ್ಜಿ ನನ್ನ ಕೈ ಹಿಡಿದುಕೊಂಡರು. “ಮಗನಿಗೆ ಹೇಳಬೇಡ ಕಣಪ್ಪಾ. ಮಂಡಿ ನೋವು, ಮೆಟ್ಟಿಲು ಹತ್ತಬೇಡಾಂತ ಆಣೆ ಹಾಕ್ಸಿದಾನೆ. ಗೊತ್ತಾದ್ರೆ ಬಾಗಿಲಿಗೆ ಬೀಗ ಹಾಕ್ತಾನೆ. ಎರಡು ವರ್ಷದಿಂದ ಅವರಿಗೆ ಇಕ್ಕದೆ ನಾನು ಉಂಡಿಲ್ಲ.”

“ಹೇಳದಿದ್ರೆ ಆ ಅಕ್ಕನ ಕೆಲಸ ಹೋಗುತ್ತೆ ಅಜ್ಜಿ.”

“ಅಯ್ಯೋ, ಅವಳು ಬಂಗಾರದಂಥ ಹೆಂಗಸು.” ತಾರಸಿಯ ನಾಲ್ಕು ಮೂಲೆಯನ್ನೂ ನೋಡಿದರು. “ಬೇರೆ ಜಾಗ ಮಾಡಿಕೊಡು. ಎತ್ತರ ಇರಬೇಕು, ಶುದ್ಧ ಇರಬೇಕು, ಅವರಿಗೆ ಹಿಡಿಸಬೇಕು.”

ಅವತ್ತು ಸಾಯಂಕಾಲ ತಾರಸಿಯ ಆಚೆ ಮೂಲೆಯಲ್ಲಿ ಪೈಪು ನಿಲ್ಲಿಸಿ ಮೇಲೊಂದು ಹಲಗೆ ಬಿಗಿದೆ. ಇಷ್ಟು ವರ್ಷದಲ್ಲಿ ಎಷ್ಟೋ ಕಂಬ ನೆಟ್ಟಿದ್ದೇನೆ. ಸಿಗ್ನಲ್ ಬರುತ್ತಾ ಅಂತ ಇಷ್ಟು ಚಿಂತೆ ಯಾವುದಕ್ಕೂ ಮಾಡಿರಲಿಲ್ಲ.

ಎರಡು ಪೀಸು, ಬಿಸಿ ಇರಬೇಕು

ಶನಿವಾರ ಹನ್ನೆರಡೂವರೆಗೆ ಬಯ್ಯರ್ ಕಡೆಯ ಮನುಷ್ಯ ಟೈ ಕಟ್ಟಿಕೊಂಡು ಪ್ಯಾಕಿಂಗ್ ವಿಭಾಗಕ್ಕೆ ಬಂದ. ಮೊದಲಾಳಿ ಅವನ ಪಕ್ಕದಲ್ಲಿ. ಅಕ್ಕ ಗನ್ನು ಹಿಡಿದು ಮೇಜಿನ ಮುಂದೆ. ನಾನು “ಮೇಲೆ ಡಬ್ಬಿ ನೋಡ್ಕೋತೀನಿ” ಅಂತ ತಾರಸಿಗೆ ಓಡಿದೆ.

ಅಜ್ಜಿ ಹೊಸ ಹಲಗೆಯ ಮೇಲೆ ಎಲೆ ಇಟ್ಟು, ಪಾತ್ರೆ ಮುಚ್ಚಿ ಕಾಯುತ್ತಿದ್ದರು. ಕಾಗೆ ಬಂತು. ಸೀದಾ ಹಳೇ ಜಾಗಕ್ಕೆ ಹೋಗಿ ಡಬ್ಬಿಯ ಮೇಲೆ ಕೂತು ಬರಿದಾದ ನೆತ್ತಿಯನ್ನು ನೋಡಿತು. ಅಜ್ಜಿ ಪಾತ್ರೆ ಎತ್ತಿ ಅನ್ನ ತೋರಿಸಿದರು. ಕಾಗೆ ಮುಖ ತಿರುಗಿಸಿ ಪಕ್ಕದ ಮನೆಯ ತೆಂಗಿನ ಮರಕ್ಕೆ ಹೋಗಿ ಕೂತಿತು.

“ಕೋಪ ಬಂದಿದೆ” ಅಂದರು ಅಜ್ಜಿ. “ಹೊಸ ಕುರ್ಚಿ ತಂದಾಗಲೂ ಹಿಂಗೇ ಆರು ತಿಂಗಳು ನೆಲದ ಮೇಲೆ ಕೂತಿದ್ರು.”

“ಅಜ್ಜಿ, ಇನ್ನೊಂದು ಸಲ ಕರೀರಿ.”

“ಎಷ್ಟು ಸಲ ಕರೀಲಿ? ಶನಿವಾರ ಬೇರೆ. ಹನ್ನೆರಡೂ ಐವತ್ತಕ್ಕೆ ಬರಲಿಲ್ಲಾಂದ್ರೆ ಹಳೇ ಜಾಗಕ್ಕೇ ಇಡ್ತೀನಿ, ಏನಾದ್ರೂ ಆಗಲಿ. ಅವರನ್ನ ಹಸಿದು ಕೂರಿಸಕ್ಕೆ ನನ್ನಿಂದಾಗಲ್ಲ.” ಪಾತ್ರೆ ಎತ್ತಿಕೊಂಡು ಡಬ್ಬಿಯ ಪಕ್ಕ ನಿಂತೇಬಿಟ್ಟರು. ಗಂಟೆ ಹನ್ನೆರಡೂ ನಲವತ್ತೆರಡು.

ನನಗೆ ತೋಚಿದ್ದು ಒಂದೇ. ಅಕ್ಕನಿಗೆ ಫೋನು ಹಚ್ಚಿದೆ. “ಅಕ್ಕಾ, ದೊಡ್ಡ ಮೊದಲಾಳಿಗೆ ತಿನ್ನಕ್ಕೆ ಏನು ಬಹಳ ಇಷ್ಟ? ಯಾಕೇಂತ ಕೇಳಬೇಡಿ, ಬೇಗ ಹೇಳಿ.”

ಮೊದಲಾಳಿಯೂ ಟೈ ಮನುಷ್ಯನೂ ಎದುರಿಗೇ ನಿಂತಿದ್ದರಲ್ಲ. ಅದಕ್ಕೇ ಅಕ್ಕನ ಧ್ವನಿ ಆರ್ಡರ್ ಬರೆಸುವ ಹಾಗೆ ಖಡಕ್ಕಾಗಿ ಬಂತು: “ಉರುಳೆಗಡ್ಡೆ ಬೋಂಡಾ. ದಿನಾ ಹನ್ನೊಂದಕ್ಕೆ, ಹುಡುಗೀರ ಟೀ ಜೊತೆಗೆ, ಎರಡು ಪೀಸು. ಬಿಸಿ ಇರಬೇಕು. ಮೂಲೆ ಅಂಗಡಿದೇ ಆಗಬೇಕು, ಬೇರೆ ಕಡೇದು ರಿಜೆಕ್ಟ್ ಮಾಡ್ತಾರೆ.”

ಟೈ ಮನುಷ್ಯ ತಲೆದೂಗಿ, ಕ್ವಾಲಿಟಿ ವಿಷಯದಲ್ಲಿ ನಿಮ್ಮ ಸೂಪರ್‌ವೈಸರ್ ಬಹಳ ಬಿಗಿ ಅಂತ ಮೊದಲಾಳಿಗೆ ಹೇಳಿದನಂತೆ.

ಮೆಟ್ಟಿಲು ಮೂರು ಮೂರಾಗಿ ಇಳಿದೆ. ಮೂಲೆ ಟೀ ಅಂಗಡಿಯಲ್ಲಿ ಬಾಣಲೆಯಿಂದ ಎತ್ತುತ್ತಿದ್ದ ಎರಡು ಬೋಂಡಾವನ್ನು ಕಾಗದದಲ್ಲಿ ಹಿಡಿದು, ಬೆರಳು ಸುಡುತ್ತಾ, ವಾಪಸು ಹತ್ತಿದೆ. ಹನ್ನೆರಡೂ ನಲವತ್ತೊಂಬತ್ತು. ಅಜ್ಜಿ ಎಲೆಯನ್ನು ಡಬ್ಬಿಯ ಮೇಲೆ ಇಟ್ಟಾಗಿತ್ತು, ಪಾತ್ರೆ ಒಂದು ಗೇಣು ಎತ್ತರದಲ್ಲಿತ್ತು. ನಾನು “ತಾಳಿ!” ಅಂತ ಕೂಗಿ ಬೋಂಡಾವನ್ನು ಹಲಗೆಯ ಮೇಲೆ ಇಟ್ಟೆ.

ನಾನು ಕೈ ತೆಗೆಯುವಷ್ಟೂ ಕಾಯಲಿಲ್ಲ ಆ ಕಾಗೆ. ತೆಂಗಿನ ಮರದಿಂದ ಕಲ್ಲು ಬಿದ್ದ ಹಾಗೆ ಬಿದ್ದು, ಒಂದನ್ನು ಕಾಲಲ್ಲಿ ಅದುಮಿ, ಇನ್ನೊಂದಕ್ಕೆ ಬಾಯಿ ಹಾಕಿತು. ಅನ್ನದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಕೆಳಗಿಂದ ಗನ್ನಿನ ಸದ್ದು, ಕೀಂ, ಕೀಂ, ಕೀಂ, ನಿಲ್ಲದೆ ಬರುತ್ತಿತ್ತು. ಕಟ್ಟೆಯ ಮೇಲೆ ತೆರೆದಿಟ್ಟಿದ್ದ ಲ್ಯಾಪ್‌ಟಾಪಿನ ಪರದೆಯಲ್ಲಿ ಒಂದು ಸಾಲೂ ಬೀಳಲಿಲ್ಲ. ನನ್ನ ಕೆಲಸದಲ್ಲಿ ಏನೂ ಬೀಳದ ಪರದೆಯಷ್ಟು ಚೆಂದದ್ದು ಬೇರೆ ಇಲ್ಲ.

ಅಜ್ಜಿ ಪಾತ್ರೆ ಕೆಳಗಿಟ್ಟರು. “ಇದು ಇಷ್ಟಾಂತ ನಿನಗೆ ಯಾರು ಹೇಳಿದ್ದು?”

“ಪ್ಯಾಕಿಂಗ್ ಅಕ್ಕ. ದಿನಾ ಹನ್ನೊಂದಕ್ಕೆ ಹುಡುಗೀರ ಟೀ ಜೊತೆಗೆ ತರಿಸ್ಕೊಂಡು ತಿಂತಿದ್ರಂತೆ.”

ಅಜ್ಜಿಯ ಮುಖ ಕೆಂಪಾಯಿತು. ಕಾಗೆಯ ಹತ್ತಿರ ಹೋಗಿ ಸೊಂಟದ ಮೇಲೆ ಕೈಯಿಟ್ಟರು. “ಸಕ್ಕರೆ ಕಾಯಿಲೇಂತ ನಾನು ದಿನಾ ಹಾಗಲಕಾಯಿ ಕುದಿಸಿ ಇಕ್ತಿದ್ರೆ, ನನ್ನ ಬೆನ್ನ ಹಿಂದೆ ಬೋಂಡಾ ತಿಂತಿದ್ರಾ? ಅದಕ್ಕೇ ನೋಡಿ ಸಕ್ಕರೆ ಇಳೀಲೇ ಇಲ್ಲ! ತಿನ್ನಿ, ತಿನ್ನಿ. ಈಗ ತಿಂದು ಏನಾಗಬೇಕು!” ಕಾಗೆ ಎರಡನೆಯದನ್ನು ಕಚ್ಚಿಕೊಂಡು ಹಾರಿತು. “ನೋಡಿದೆಯಾ” ಅಂದರು ನನಗೆ, “ಜಗಳ ಶುರುವಾದ್ರೆ ಎದ್ದು ಹೋಗೋದು. ಅದೇ ಬುದ್ಧಿ.”

ಟೈ ಮನುಷ್ಯನನ್ನು ಕಳಿಸಿದ ಮೇಲೆ ಮೊದಲಾಳಿ ಈ ಗಲಾಟೆ ಕೇಳಿ ಹತ್ತಿ ಬಂದರು. ತಾಯಿ, ಪಾತ್ರೆ, ಡಬ್ಬಿ, ಅನ್ನ. ಎಲ್ಲ ಒಟ್ಟಿಗೆ ಅರ್ಥವಾಗಿ ಬಾಯಿ ತೆರೆದರು. ಅಜ್ಜಿ ಮೊದಲು ಬಾಯಿ ಹಾಕಿದರು.

“ಇಷ್ಟು ದಿನ ಡಬ್ಬಿ ಮುಚ್ಚಿದ್ದು ನಾನೇ. ಮುಚ್ಚಿಸಿದ್ದು ನಿಮ್ಮಪ್ಪ. ಆಯಮ್ಮನ ಮೇಲೆ ಹಾರಾಡಿದೆಯಲ್ಲ, ಈಗ ಯಾರನ್ನ ಕೆಲಸದಿಂದ ತೆಗೀತೀಯೋ ತೆಗಿ. ಅಗೋ, ತೆಂಗಿನ ಮರದ ಮೇಲೆ ಕೂತಿದಾರೆ.”

ಮೊದಲಾಳಿ ತೆಂಗಿನ ಮರ ನೋಡಿದರು. ಕಾಗೆ ಬೋಂಡಾ ನುಂಗಿ ಮೇಲಿನಿಂದ ಅವರನ್ನೇ ನೋಡುತ್ತಿತ್ತು. ಚಪ್ಪಲಿ ಬಿಟ್ಟು ಕೈ ಮುಗಿದರು. ಆಮೇಲೆ ಕೆಳಗೆ ಹೋಗಿ, ಅಕ್ಕನ ಮೇಜಿನ ಮುಂದೆ ನಿಂತು, “ಅಕ್ಕಾ, ಸೋಮವಾರದಿಂದ ಹನ್ನೊಂದರ ಟೀಗೆ ಎಲ್ಲರಿಗೂ ಬೋಂಡಾ ಹೇಳಿಬಿಡಿ” ಅಂದರು. ಅಕ್ಕ ಕಿವಿಯ ಮೇಲಿನ ಪೆನ್ನು ತೆಗೆದು, “ಎಷ್ಟು ಪೀಸು ಮೊದಲಾಳಿ?” ಅಂದರು.

ಚೀಲ ಕಟ್ಟುವಾಗ

ಮೊದಲಾಳಿ ಇಲ್ಲೇ ಇದ್ದುಬಿಡು ಅಂದರು. ಕಾರ್ಖಾನೆಯ ಮೇಲೆ ಒಂದು ಕೋಣೆ ಇದೆ, ಫ್ಯಾನ್ ಇದೆ, ಮೂರು ಹೊತ್ತು ಊಟ ಮನೆಯಿಂದ. ಅವರ ಹೆಂಡತಿ ಒಂದೇ ಜೋಡಿಯ ಎರಡು ಚಪ್ಪಲಿ ತಂದು ಬಾಗಿಲಲ್ಲಿ ಇಟ್ಟರು. ನನಗೆ ಭಯವಾಯಿತು. ಇಷ್ಟು ಅಕ್ಕರೆ ಮಾಡುವ ಜಾಗದಲ್ಲಿ ಇನ್ನೆರಡು ದಿನ ಕೂತರೆ ಹೆಣ್ಣು ನೋಡಲು ಶುರುಮಾಡುತ್ತಾರೆ.

ಸೋಮವಾರ ಮಧ್ಯಾಹ್ನ ಊಟದ ಹೊತ್ತಿಗೆ ಚೀಲ ಕಟ್ಟಲು ಕೂತೆ. ಸ್ಕ್ರೂಡ್ರೈವರು, ಟೆಸ್ಟರು, ಎರಡು ಅಂಗಿ, ಒಂದು ಲುಂಗಿ, ಒಂದೇ ಜೋಡಿಯ ಚಪ್ಪಲಿ. ಅಕ್ಕ ಬಂದು ದಾರಿಗೆ ಅಂತ ಕಾಗದದಲ್ಲಿ ಕಟ್ಟಿದ ವಡೆ ಕೊಟ್ಟು, “ಊರಿಗೆ ಹೋಗ್ತೀಯಾ ತಂಬಿ?” ಅಂದರು.

“ಕುನ್ನತ್ತೂರು ಬಸ್ಸು ಮೊದಲು ಬಂದ್ರೆ ಊರಿಗೆ. ಉಕ್ಕಡಂ ಬಸ್ಸು ಮೊದಲು ಬಂದ್ರೆ ಆಕಡೆ.”

“ನಿಮ್ಮಮ್ಮನಿಗೆ ಒಂದು ಫೋನಾದ್ರೂ ಮಾಡು. ನಿನ್ನ ಆ ಪರದೆ ಥರ ಅವರೂ ಕೂತು ನೋಡ್ತಿರ್ತಾರೆ.”

ಮಾಡಿದೆ. ಅಮ್ಮ, “ಬರೋದಾದ್ರೆ ಬಾ. ಕೈ ತೊಳಕೊಂಡು ಬಾ” ಅಂದಳು. ಅಷ್ಟು ವರ್ಷವಾದರೂ ಮೀನು ಮರೆತಿಲ್ಲ.

ಕೊನೆಗೆ ಉಳಿದದ್ದು ಲ್ಯಾಪ್‌ಟಾಪ್. ಮುಚ್ಚಲು ಕೈ ಹಾಕಿದ್ದೆ, ಪರದೆಯ ಮೇಲೆ ಒಂದು ಸಾಲು ಬಿತ್ತು.

ಡಿಸ್‌ಕನೆಕ್ಟೆಡ್.

ಗಡಿಯಾರ ನೋಡಿದೆ. ಹನ್ನೆರಡೂ ನಲವತ್ತು. ಗನ್ನು ಮೂಕ. ಪ್ಯಾಕಿಂಗ್ ವಿಭಾಗದ ಇಪ್ಪತ್ತು ಹುಡುಗಿಯರೂ ಕೈಯ ತುತ್ತು ಹಾಗೇ ಹಿಡಿದು ನಿಂತರು. ಈ ಸಲ ಒಬ್ಬರೂ ಅಕ್ಕನ ಕಡೆ ನೋಡಲಿಲ್ಲ. ಎಲ್ಲರೂ ಕಿಟಕಿಗೆ ಮುಗಿಬಿದ್ದು ಎದುರುಮನೆಯ ತಾರಸಿ ನೋಡಿದರು. ಮೊದಲಾಳಿ ಗಲ್ಲಿಗೆ ಓಡಿ, ಲುಂಗಿ ಎತ್ತಿ ಕಟ್ಟಿ ಕೂಗಿದರು:

“ಅಮ್ಮಾ! ಮತ್ತೆ ಡಬ್ಬಿ ಮೇಲೆ ಯಾಕೆ ಇಟ್ಟಿದೀಯಾ? ಹಲಗೆ ಇದೆಯಲ್ಲ!”

ಮೇಲಿನಿಂದ ಅಜ್ಜಿಯ ಧ್ವನಿ ಬಂತು:

“ಹಲಗೆ ಮೇಲೆ ಹಾಗಲಕಾಯಿ ಪಲ್ಯ ಇಟ್ಟಿದೀನಿ ಕಣೋ. ಬೋಂಡಾ ಈ ಪಾತ್ರೆ ಕೆಳಗಿದೆ. ಮೊದಲು ಹಾಗಲಕಾಯಿ ತಿಂದು ಮುಗಿಸಲಿ, ಆಮೇಲೆ ತೆಗೀತೀನಿ!”

ತೆಂಗಿನ ಮರದ ಮೇಲೆ ಕಾಗೆ ಕದಲದೆ ಕೂತಿತ್ತು. ಹೊಸ ಕುರ್ಚಿಗೆ ದೊಡ್ಡ ಮೊದಲಾಳಿ ಆರು ತಿಂಗಳು ಮುನಿಸಿಕೊಂಡದ್ದು ನನಗೆ ನೆನಪಾಯಿತು. ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ತುರುಕಿ, ಮೊದಲಾಳಿ ಈಕಡೆ ತಿರುಗುವಷ್ಟರಲ್ಲಿ ಹಿಂಬಾಗಿಲಿನಿಂದ ಬಸ್ ಸ್ಟ್ಯಾಂಡಿನ ಕಡೆ ನಡೆದೆ.